ಡೀಸೆಲ್ ಗಾಡಿಯಾ, ಬ್ಯಾಟರಿ ಗಾಡಿಯಾ? ಮೊದಲು ಅವರ್ ಮೀಟರ್ ನೋಡಿ

ಪ್ರಶ್ನೆ: ಸರ್, ತುಮಕೂರು ಹತ್ತಿರ ವಸಂತನರಸಾಪುರದಲ್ಲಿ ನಮ್ಮದೊಂದು ಮಸಾಲೆ ಪುಡಿ, ಸಿರಿಧಾನ್ಯ ಪ್ಯಾಕ್ ಮಾಡುವ ಘಟಕ ಇದೆ. 11 ವರ್ಷ ಹಳೆಯ 3 ಟನ್ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೇವೆ. ಇಂಜಿನ್ ಬಿಚ್ಚಲೇಬೇಕು ಅಂತ ಮೆಕ್ಯಾನಿಕ್ ಹೇಳಿದ್ದಾನೆ, ಹಾಗಾಗಿ ಹೊಸದೇ ತಗೊಳ್ಳೋಣ ಅಂತಿದ್ದೇವೆ. ನಮ್ಮ ಪ್ಯಾಲೆಟ್ (ಸರಕು ಜೋಡಿಸುವ ಹಲಗೆ) ಸರಕು ಸೇರಿ ಹೆಚ್ಚೆಂದರೆ 1,200 ಕೆಜಿ. ಗೋಡೌನ್ ಒಳಗೆ ರ‍್ಯಾಕ್‌ಗೆ ಏರಿಸುವ ಕೆಲಸ, ಹೊರಗೆ ಅಂಗಳದಲ್ಲಿ ಲಾರಿಯಿಂದ ಇಳಿಸುವ ಕೆಲಸ, ಎರಡರ ನಡುವೆ ಒಂದು ಇಳಿಜಾರು. ದಿನಕ್ಕೆ ಒಂದೇ ಶಿಫ್ಟ್, ದಸರಾ ದೀಪಾವಳಿ ಸಮಯದಲ್ಲಿ ಮಾತ್ರ ಎರಡು. ಎಲೆಕ್ಟ್ರಿಕ್ ತಗೊಳ್ಳಿ ಅಂತ ಮಗ ಹಟ ಹಿಡಿದಿದ್ದಾನೆ. ಪಕ್ಕದ ಘಟಕದವರು ಮಾತ್ರ 'ಬ್ಯಾಟರಿ ಎರಡೇ ವರ್ಷಕ್ಕೆ ಹೋಯ್ತು, ಆ ಸಹವಾಸ ಬೇಡ' ಅನ್ನುತ್ತಾರೆ. ಜೊತೆಗೆ ನಮ್ಮ ಆಪರೇಟರ್‌ಗೆ ಬ್ಯಾಟರಿ ಗಾಡಿ ಅಂದರೆ ಅಷ್ಟಕ್ಕಷ್ಟೆ. ಏನು ಮಾಡಲಿ?

ಉತ್ತರ: ನಿಮ್ಮ ಕೆಲಸಕ್ಕೆ ಬ್ಯಾಟರಿ ಗಾಡಿಯೇ ಸರಿ. ಆದರೆ ಈಗಿರುವಂತೆ 3 ಟನ್ ಗಾಡಿ ಬೇಡ. ಹಳೆಯ ಡೀಸೆಲ್ ಗಾಡಿಯನ್ನೂ ಈಗಲೇ ಮಾರಬೇಡಿ. ಈ ಮೂರು ಮಾತಿಗೂ ಕಾರಣ ಹೇಳುತ್ತೇನೆ. ಪಕ್ಕದವರ ಬ್ಯಾಟರಿ ಯಾಕೆ ಹೋಗಿರಬಹುದು ಅನ್ನೋದನ್ನೂ ಹೇಳುತ್ತೇನೆ. ಅದು ತಿಳಿಯದೆ ಗಾಡಿ ತಂದರೆ ನಿಮ್ಮದಕ್ಕೂ ಅದೇ ಗತಿ.

ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹಳೆಯ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲಿರುವ ಅವರ್ ಮೀಟರ್, ಅಂದರೆ ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಮೀಟರ್, ಓದಿ ಬರೆದಿಡಿ. ಸರಿಯಾಗಿ ಒಂದು ತಿಂಗಳಾದ ಮೇಲೆ ಮತ್ತೆ ಓದಿ. ಅದರ ಜೊತೆ ಆ ತಿಂಗಳು ಎಷ್ಟು ಲೀಟರ್ ಡೀಸೆಲ್ ಹಾಕಿಸಿದಿರಿ ಅನ್ನೋದನ್ನೂ ಬರೆಯಿರಿ. ಡೀಸೆಲ್ಲಾ ಬ್ಯಾಟರಿಯಾ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಸಿಗುತ್ತದೆ. 'ನಮ್ಮ ಗಾಡಿ ದಿನವಿಡೀ ಓಡುತ್ತೆ ಸರ್' ಅಂದವರ ಮೀಟರ್ ನೋಡಿದರೆ ಬಹಳ ಕಡೆ ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಇರುತ್ತದೆ. ಅದರಲ್ಲೂ ಡೀಸೆಲ್ ಗಾಡಿಯ ಮೀಟರ್ ಇಂಜಿನ್ ಸ್ಟಾರ್ಟ್ ಇದ್ದಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ಲಾರಿಯವನು ಬಿಲ್ ತರಲು ಆಫೀಸಿಗೆ ಹೋದಾಗ, ಹಮಾಲರು ಹಗ್ಗ ಬಿಚ್ಚುವಾಗ, ಇಂಜಿನ್ ಸುಮ್ನೆ ಗುರುಗುಟ್ಟುತ್ತಾ ಡೀಸೆಲ್ ಕುಡಿಯುತ್ತಿರುತ್ತದೆ. ಬ್ಯಾಟರಿ ಗಾಡಿ ನಿಂತಾಗ ಮೋಟರೂ ನಿಲ್ಲುತ್ತದೆ, ಖರ್ಚು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಈಗ ಲೆಕ್ಕ. ನಿಮ್ಮ ಮೀಟರ್ ದಿನಕ್ಕೆ 4 ಗಂಟೆ ತೋರಿಸುತ್ತದೆ, ವರ್ಷಕ್ಕೆ 300 ದಿನ ಕೆಲಸ ಅಂತ ಹಿಡಿಯೋಣ. ಒಟ್ಟು 1,200 ಗಂಟೆ. ಈ ಅಳತೆಯ ಡೀಸೆಲ್ ಗಾಡಿ ಗಂಟೆಗೆ ಎರಡರಿಂದ ಮೂರು ಲೀಟರ್ ಕುಡಿಯುತ್ತದೆ. ಎರಡೂವರೆ ಅಂದರೆ ವರ್ಷಕ್ಕೆ 3,000 ಲೀಟರ್, ಲೀಟರಿಗೆ 90 ರೂಪಾಯಿಯಂತೆ 2 ಲಕ್ಷ 70 ಸಾವಿರ. ಬ್ಯಾಟರಿ ಗಾಡಿಯಾದರೆ ಗಂಟೆಗೆ ಸುಮಾರು 5 ಯೂನಿಟ್ ಬಳಸುತ್ತದೆ. ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹಾಳಾಗುತ್ತದಲ್ಲ, ಅದನ್ನೂ ಸೇರಿಸಿ ಗೋಡೆಯ ಸಾಕೆಟ್‌ನಿಂದ ಆರೂವರೆ ಯೂನಿಟ್ ಅಂತಿಟ್ಟುಕೊಳ್ಳಿ. ವರ್ಷಕ್ಕೆ 7,800 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 55 ಸಾವಿರದ ಒಳಗೆ ಮುಗಿಯಿತು. ಅಂದರೆ ವರ್ಷಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ಉಳಿತಾಯ. ಡೀಸೆಲ್ ಗಾಡಿಗಿಂತ ಬ್ಯಾಟರಿ ಗಾಡಿಗೆ 4 ಲಕ್ಷ ಜಾಸ್ತಿ ಕೊಟ್ಟಿರಿ ಅಂತಲೇ ಇಟ್ಟುಕೊಳ್ಳೋಣ, ಎರಡು ವರ್ಷದೊಳಗೆ ಆ ಹಣ ವಾಪಸ್ ಬಂತು. ಡೀಸೆಲ್ ದರ, ಕರೆಂಟ್ ದರ, ಕೊಟೇಶನ್ ಎಲ್ಲಾ ನಿಮ್ಮದೇ ಅಂಕಿ ಹಾಕಿ ಮತ್ತೊಮ್ಮೆ ಮಾಡಿ, ನನ್ನ ಅಂಕಿ ಬರೀ ದಾರಿ ತೋರಿಸಲಿಕ್ಕೆ.

ಇದೇ ಲೆಕ್ಕವನ್ನು ದಿನಕ್ಕೆ ಒಂದು ಗಂಟೆ ಮಾತ್ರ ಓಡುವ ಗಾಡಿಗೆ ಹಾಕಿ ನೋಡಿ. ವರ್ಷದ ಉಳಿತಾಯ 54 ಸಾವಿರಕ್ಕೆ ಇಳಿಯುತ್ತದೆ, ಜಾಸ್ತಿ ಕೊಟ್ಟ 4 ಲಕ್ಷ ವಾಪಸ್ ಬರಲು ಏಳು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿ ಓಡಲಿ ಬಿಡಲಿ, ವಯಸ್ಸಾಗಿಯೇ ಸೋತಿರುತ್ತದೆ. ಬಯಲಲ್ಲಿ ದಿನಕ್ಕೆ ಎರಡು ಲಾರಿ ಇಳಿಸಿ ನಿಲ್ಲುವ ಗಾಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಡೀಸೆಲ್ಲೇ ಸಾಕು, ಅವರಿಗೆ ನಾನು ಬ್ಯಾಟರಿ ಗಾಡಿ ತಗೊಳ್ಳಿ ಅಂತ ಹೇಳುವುದೇ ಇಲ್ಲ. ಹಾಗೇ 8-10 ಟನ್ ಗ್ರಾನೈಟ್ ಬ್ಲಾಕ್ ಎತ್ತುವವರು, ಮರದ ದಿಮ್ಮಿ ಎತ್ತುವವರು, ಮಳೆಗಾಲದಲ್ಲೂ ಕೆಸರಿನ ಅಂಗಳದಲ್ಲೇ ಇರುವವರು, ಇವರಿಗೆಲ್ಲ ಇವತ್ತಿಗೂ ಡೀಸೆಲ್ ಅನುಕೂಲ.

ನಿಮ್ಮ ವಿಷಯ ಬೇರೆ. ನಿಮ್ಮ ಗಾಡಿ ಸೂರಿನ ಕೆಳಗೆ ಓಡುತ್ತದೆ, ಅದೂ ತಿನ್ನುವ ಪದಾರ್ಥದ ನಡುವೆ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಬಿಳಿ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿಕೊಂಡು ಏಣಿ ಹತ್ತಿ, ನಿಮ್ಮ ರ‍್ಯಾಕಿನ ಮೇಲಿನ ಸಾಲಿನ ರಟ್ಟಿನ ಪೆಟ್ಟಿಗೆಯನ್ನು ಒಮ್ಮೆ ಒರೆಸಿ. ಕೆಳಗಿನ ಸಾಲಲ್ಲಿ ಬರೀ ಕೆಂಪು ಮೆಣಸಿನ ಧೂಳು ಬರುತ್ತದೆ. ಮೇಲಿನ ಸಾಲಲ್ಲಿ ಬಟ್ಟೆ ಕಪ್ಪಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಜಿಡ್ಡು ಜಿಡ್ಡಾಗಿ ಅಂಟುತ್ತದೆ, ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ. ಬಿಸಿ ಹೊಗೆ ಮೇಲೇರಿ ಸೂರಿನ ಕೆಳಗೆ ಸೇರಿಕೊಂಡು ಅಲ್ಲೇ ಕೂತಿರುತ್ತದೆ. ಆ ಹೊಗೆಯನ್ನೇ ನಿಮ್ಮ ಆಪರೇಟರ್ 11 ವರ್ಷ ಕುಡಿದಿದ್ದಾನೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಅದನ್ನು ಮೊದಲನೇ ಗುಂಪಿಗೆ ಸೇರಿಸಿತು. ಹೊಗೆ ಸೇರಿಕೊಳ್ಳದಂತೆ ವ್ಯವಸ್ಥೆ ಮಾಡದೆ ಕೋಣೆಯೊಳಗೆ ಇಂಜಿನ್ ಓಡಿಸಬಾರದು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಅಂದೇ ಬರೆದಿತ್ತು. ಲೆಕ್ಕದಲ್ಲಿ ಒಂದು ರೂಪಾಯಿ ಉಳಿಯದಿದ್ದರೂ ಬಾಗಿಲು ಮುಚ್ಚಿದ ಗೋಡೌನ್‌ಗೆ ನಾನು ಡೀಸೆಲ್ ಗಾಡಿ ಒಪ್ಪುವುದಿಲ್ಲ. ನಿಮ್ಮ ಮಸಾಲೆಯೂ ವಾಸನೆಯನ್ನು ಬೇಗ ಹೀರುವ ಸರಕು, ಗೋಣಿಚೀಲವಂತೂ ಇನ್ನೂ ಬೇಗ. ಕಾಫಿ, ಅಕ್ಕಿ, ಚಹಾ ಎಲ್ಲದಕ್ಕೂ ಇದೇ ಮಾತು.

ಗ್ಯಾಸ್ ಗಾಡಿ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಪ್ರೊಪೇನ್ ಗಾಡಿ ಬಹಳ ಓಡುತ್ತವೆ. ಅದರಲ್ಲಿ ಕಪ್ಪು ಮಸಿ ಕಡಿಮೆ, ನಿಜ. ಆದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಗಾಳಿಯಾಡದ ಕಡೆ ಅದು ಪ್ರಾಣಕ್ಕೇ ಅಪಾಯ. ಮನೆಯ ಅಡುಗೆ ಸಿಲಿಂಡರ್ ಕಟ್ಟಿ ಓಡಿಸುವ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಅಪಾಯ, ಕಾನೂನಿಗೂ ವಿರುದ್ಧ.

ಇನ್ನು 3 ಟನ್ ಯಾಕೆ ಬೇಡ ಅಂದೆ. ನಿಮ್ಮ ಅತಿ ಭಾರದ ಪ್ಯಾಲೆಟ್ 1,200 ಕೆಜಿ. ನಮ್ಮಲ್ಲಿ ಎಲ್ಲರೂ ಅಭ್ಯಾಸಬಲದಿಂದ 3 ಟನ್ ಡೀಸೆಲ್ ತಗೊಳ್ಳುತ್ತಾರೆ, ಯಾಕೆಂದರೆ ಮಾರುಕಟ್ಟೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ, ಮರುಮಾರಾಟವೂ ಸುಲಭ. ಬ್ಯಾಟರಿ ಗಾಡಿಯಲ್ಲಿ ದೊಡ್ಡದು ತಗೊಂಡರೆ ದೊಡ್ಡ ಬ್ಯಾಟರಿಗೆ ದುಡ್ಡು ಕೊಡಬೇಕು, ಸಾಮಾನ್ಯವಾಗಿ 80 ವೋಲ್ಟ್‌ನದು. 2 ಟನ್ ಗಾಡಿ 48 ವೋಲ್ಟ್‌ನಲ್ಲಿ ಬರುತ್ತದೆ, ನಿಮ್ಮ ಕೆಲಸಕ್ಕೆ ಸಾಕು. ಆದರೆ ಒಂದು ಎಚ್ಚರ. 2 ಟನ್ ಅಂದರೆ ಎಲ್ಲಾ ಎತ್ತರಕ್ಕೂ 2 ಟನ್ ಅಲ್ಲ. ಫೋರ್ಕಿನ (ಭಾರ ಎತ್ತುವ ಮುಂದಿನ ಕಬ್ಬಿಣದ ಕೈ) ಬುಡದಿಂದ ಭಾರದ ನಡು 500 ಮಿಲಿಮೀಟರ್ ದೂರ ಇದ್ದಾಗಿನ ಲೆಕ್ಕ ಅದು. ಪ್ಯಾಲೆಟ್ ಉದ್ದವಾದರೆ, ಮಾಸ್ಟ್ (ಫೋರ್ಕು ಏರಿಳಿಯುವ ಕಂಬ) ಎತ್ತರ ಏರಿದರೆ, ಫೋರ್ಕನ್ನು ಎಡಬಲಕ್ಕೆ ಸರಿಸುವ ಸೈಡ್ ಶಿಫ್ಟರ್ ಹಾಕಿಸಿದರೆ ಎತ್ತುವ ಶಕ್ತಿ ಇಳಿಯುತ್ತದೆ. ಗಾಡಿಯ ಮೇಲಿನ ಕೆಪಾಸಿಟಿ ಪ್ಲೇಟ್‌ನಲ್ಲಿ ನಿಮ್ಮ ಮೇಲಿನ ರ‍್ಯಾಕಿನ ಎತ್ತರಕ್ಕೆ ಎಷ್ಟು ಕೆಜಿ ಬರೆದಿದೆ ಅಂತ ಮಾರುವವರ ಕೈಲಿ ತೋರಿಸಿಕೊಳ್ಳಿ. ಅಲ್ಲಿ 1,200ಕ್ಕಿಂತ ಮೇಲೆ ಒಳ್ಳೆಯ ಅಂತರ ಇರಬೇಕು.

ಈಗ ಪಕ್ಕದವರ ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ಅವರ ಬ್ಯಾಟರಿಯನ್ನು ನಾನು ನೋಡಿಲ್ಲ. ಆದರೆ ಇಂಥದ್ದೇ ಒಂದನ್ನು ಇನ್ನೊಂದು ಕಡೆ ಬಿಚ್ಚಿ ನೋಡಿದ್ದೇನೆ. ಒಂದೂವರೆ ವರ್ಷಕ್ಕೇ ಗಾಡಿ ಮಧ್ಯಾಹ್ನದ ಊಟಕ್ಕೆ ಮೊದಲೇ ನಿಲ್ಲುತ್ತಿತ್ತು. ಸೀಟ್ ಎತ್ತಿದರೆ ಬ್ಯಾಟರಿಯ ಮೇಲೆ ಬಿಳಿ ಹಸಿರು ಪುಡಿ ಕಟ್ಟಿಕೊಂಡಿತ್ತು, ತೊಟ್ಟಿಯ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಒಂದೊಂದೇ ಸೆಲ್ಲಿನ ಮುಚ್ಚಳ ತೆಗೆದು ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಸಾಧನ) ಇಳಿಸಿದೆ. ರಾತ್ರಿಯೆಲ್ಲಾ ಚಾರ್ಜ್ ಆದ ಬ್ಯಾಟರಿ ಅದು, 1.270ರ ಆಸುಪಾಸು ತೋರಿಸಬೇಕು. ಕೆಲವು ತೋರಿಸಿದವು. ನಾಲ್ಕು ಸೆಲ್ 1.180ಕ್ಕೆ ನಿಂತಿದ್ದವು, ಎರಡರಲ್ಲಿ ನೀರು ಪ್ಲೇಟಿಗಿಂತ ಕೆಳಗೆ ಇಳಿದು ಪ್ಲೇಟ್ ಒಣಗಿ ಬೆಳ್ಳಗಾಗಿತ್ತು. ನೀರು ಯಾವುದು ಹಾಕ್ತೀರಪ್ಪ ಅಂದರೆ ಹುಡುಗ ಮೂಲೆಯಲ್ಲಿದ್ದ ನೀಲಿ ಕ್ಯಾನ್ ತೋರಿಸಿದ. ಬೋರ್‌ವೆಲ್ ನೀರು. ಅವನದು ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥ ಲೆಡ್ ಆಸಿಡ್ ಬ್ಯಾಟರಿ, ಅಂದರೆ ಸೀಸದ ಪ್ಲೇಟು, ಆಸಿಡ್ ಇರುವ ಬಗೆಯದು, ಸರಿಯಾಗಿ ನೋಡಿಕೊಂಡರೆ ಸುಮಾರು 1,500 ಸಲ ಚಾರ್ಜ್ ತಾಳುತ್ತದೆ. ದಿನಕ್ಕೊಂದು ಚಾರ್ಜ್ ಅಂದರೆ ಐದು ವರ್ಷ. ಅದನ್ನು ಎರಡು ವರ್ಷದಲ್ಲಿ ಕೊಲ್ಲುವ ದಾರಿಗಳು ಎಲ್ಲಾ ಕಡೆ ಅವೇ. ಒಂದು, ಟೀ ಸಮಯದಲ್ಲಿ ಕಾಲು ಗಂಟೆ, ಊಟದಲ್ಲಿ ಅರ್ಧ ಗಂಟೆ ಅಂತ ಮೊಬೈಲ್ ಥರ ಚಾರ್ಜ್‌ಗೆ ಹಾಕುವುದು. ಈ ಬ್ಯಾಟರಿಗೆ ಪೂರ್ತಿ ಎಂಟು ಗಂಟೆ ಚಾರ್ಜ್ ಬೇಕು, ಆಮೇಲೆ ತಣ್ಣಗಾಗಲು ಸಮಯ ಬೇಕು. ಇನ್ನೊಂದು, ಗಾಡಿ ತೆವಳುವ ತನಕ ಓಡಿಸುವುದು. ನೂರರಲ್ಲಿ ಎಂಬತ್ತು ಭಾಗ ಖರ್ಚಾಗುತ್ತಿದ್ದಂತೆ ನಿಲ್ಲಿಸಲೇಬೇಕು. ಮೂರನೆಯದು ನೀರು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಮುಟ್ಟಿಸಬಾರದು. ತುಮಕೂರು, ಕೋಲಾರದ ಕಡೆಯ ಬೋರ್ ನೀರು ಮನೆಯ ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ, ಬ್ಯಾಟರಿಯೊಳಗೆ ಏನು ಮಾಡಬಹುದು ಯೋಚಿಸಿ. ನೀರನ್ನು ಚಾರ್ಜ್ ಮುಗಿದ ಮೇಲೆ ಹಾಕಬೇಕು, ಮೊದಲಲ್ಲ. ಚಾರ್ಜ್ ಆಗುವಾಗ ಒಳಗಿನ ದ್ರವ ಹಿಗ್ಗುತ್ತದೆ, ಮೊದಲೇ ತುಂಬಿಸಿದ್ದರೆ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ನಾನು ನೋಡಿದ ಆ ತುಕ್ಕು ಬಂದಿದ್ದೇ ಹಾಗೆ.

ಲಿಥಿಯಂ ಬ್ಯಾಟರಿಯಲ್ಲಿ ಈ ರಗಳೆ ಇಲ್ಲ. ನೀರು ಹಾಕುವಂತಿಲ್ಲ, ಟೀ ಸಮಯದಲ್ಲಿ ಚಾರ್ಜ್‌ಗೆ ಹಾಕಿದರೂ ತೊಂದರೆ ಇಲ್ಲ, ತಕ್ಕ ಚಾರ್ಜರ್ ಇದ್ದರೆ ಎರಡು ಗಂಟೆಯ ಆಸುಪಾಸಿನಲ್ಲಿ ತುಂಬುತ್ತದೆ, ಬಾಳಿಕೆಯೂ ಎರಡು ಪಟ್ಟಿನ ಹತ್ತಿರ. ಬೆಲೆ ಜಾಸ್ತಿ. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ 48 ವೋಲ್ಟ್, 550 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಒಟ್ಟು 26 ಯೂನಿಟ್ ಇರುತ್ತದೆ, ಬಳಸಬಹುದಾದ್ದು 21. ಗಂಟೆಗೆ 5 ಯೂನಿಟ್ ಅಂದರೆ ನಾಲ್ಕು ಗಂಟೆಗೆ ಸರಿಹೋಯಿತು. ಒಂದು ಶಿಫ್ಟಿಗೆ ಹೇಗೋ ಆಗುತ್ತದೆ, ಹಬ್ಬದ ಎರಡು ಶಿಫ್ಟಿಗೆ ಆಗುವುದಿಲ್ಲ. ಕೈಯಲ್ಲಿ ಆಗುತ್ತದೆ ಅಂದರೆ ಲಿಥಿಯಂ ತಗೊಳ್ಳಿ. ಆಗಲ್ಲ ಅಂದರೆ ಲೆಡ್ ಆಸಿಡ್ ತಗೊಂಡು ಅದನ್ನು ನೋಡಿಕೊಳ್ಳಲು ಒಬ್ಬನನ್ನು ಹೆಸರು ಹಿಡಿದು ನೇಮಿಸಿ. 'ಎಲ್ಲರೂ ನೋಡ್ಕೊಳ್ತಾರೆ' ಅಂದರೆ ಯಾರೂ ನೋಡುವುದಿಲ್ಲ. ಲೆಡ್ ಆಸಿಡ್‌ನಲ್ಲಿ ಒಂದು ಸಮಾಧಾನ ಇದೆ, ಹಳೆಯ ಬ್ಯಾಟರಿಯ ಸೀಸಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಹೊಸದು ತಗೊಳ್ಳುವಾಗ ಹಳೆಯದನ್ನು ಕೊಟ್ಟು ಕಡಿಮೆ ಮಾಡಿಸಿಕೊಳ್ಳಬಹುದು.

ಒಂದು ತಪ್ಪು ಮಾತ್ರ ಮಾಡಬೇಡಿ. ಲೆಡ್ ಆಸಿಡ್ ಗಾಡಿ ತಗೊಂಡು ಆಮೇಲೆ ಹೊರಗಡೆ ಯಾರ ಹತ್ತಿರವೋ ಅಗ್ಗದಲ್ಲಿ ಲಿಥಿಯಂ ಪ್ಯಾಕ್ ಮಾಡಿಸಿ ಕೂರಿಸುವುದು. ಫೋರ್ಕ್‌ಲಿಫ್ಟಿನಲ್ಲಿ ಬ್ಯಾಟರಿಯ ತೂಕವೂ ಹಿಂದಿನ ಭಾರದ ಒಂದು ಭಾಗ. ಮುಂದೆ 1,200 ಕೆಜಿ ಎತ್ತಿದಾಗ ಗಾಡಿ ಮುಗ್ಗರಿಸದೆ ನಿಲ್ಲುವುದು ಹಿಂದೆ ಆ ತೂಕ ಇರುವುದರಿಂದ. ಲಿಥಿಯಂ ಹಗುರ. ಕಡಿಮೆಯಾದ ತೂಕವನ್ನು ಗಾಡಿ ತಯಾರಿಸಿದವರು ಹೇಳಿದ ಲೆಕ್ಕಕ್ಕೆ ತುಂಬಿಸದಿದ್ದರೆ ಮೇಲಿನ ರ‍್ಯಾಕಿಗೆ ಏರಿಸುವಾಗ ಹಿಂದಿನ ಚಕ್ರ ನೆಲ ಬಿಡಬಹುದು.

ಚಾರ್ಜ್ ಮಾಡುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಗಾಡಿ ಬಂದು ನಿಂತ ಮೇಲೆ ಎಲ್ಲಿ ಪ್ಲಗ್ ಇದೆಯೋ ಅಲ್ಲಿ ಹಾಕುತ್ತಾರೆ. 48 ವೋಲ್ಟ್ 100 ಆಂಪಿಯರ್ ಚಾರ್ಜರ್ ಅಂದರೆ 6-7 ಕಿಲೋವ್ಯಾಟ್ ಎಳೆಯುತ್ತದೆ, ಲಿಥಿಯಂನ ಫಾಸ್ಟ್ ಚಾರ್ಜರ್ ಇನ್ನೂ ಜಾಸ್ತಿ. ಬೆಸ್ಕಾಂನಿಂದ ಮಂಜೂರಾದ ಲೋಡ್‌ನಲ್ಲಿ ಅಷ್ಟು ಜಾಗ ಇದೆಯಾ ಅಂತ ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ, ಬೇಕಾದರೆ ಗಾಡಿ ಬರುವ ಮೊದಲೇ ಲೋಡ್ ಹೆಚ್ಚಿಸಿಕೊಳ್ಳಿ. ಲೆಡ್ ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿ ಸಾಕು. ಅದು ಮೇಲಕ್ಕೆ ಹೋಗುವ ಅನಿಲ, ಹಾಗಾಗಿ ಗಾಳಿಕಿಂಡಿ ಗೋಡೆಯ ಮೇಲ್ಭಾಗದಲ್ಲಿ ಇರಬೇಕು. ಬೀಡಿ ಬೇಡ, ದೇವರ ದೀಪ ಊದಿನಕಡ್ಡಿ ಆ ಮೂಲೆಯಲ್ಲಿ ಬೇಡ, ಬ್ಯಾಟರಿಯ ಮೇಲೆ ಸ್ಪ್ಯಾನರ್ ಇಡುವ ಅಭ್ಯಾಸ ಬೇಡವೇ ಬೇಡ. ಹತ್ತಿರದಲ್ಲೇ ಒಂದು ನಲ್ಲಿ ಇರಲಿ, ಕಣ್ಣಿಗೆ ಆಸಿಡ್ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಬೇಕು, ಆಮೇಲೆ ಆಸ್ಪತ್ರೆ. ನೆಲಕ್ಕೆ ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಒಂದು ಡಬ್ಬಿ ಇಟ್ಟಿರಿ.

ಸರ್ವಿಸ್ ವಿಷಯ ಚಿಕ್ಕದು. ಡೀಸೆಲ್‌ಗೆ 250 ಗಂಟೆಗೊಮ್ಮೆ ಆಯಿಲ್, ಫಿಲ್ಟರ್, ಜೊತೆಗೆ ಬೆಲ್ಟು, ಕೂಲೆಂಟು, ನಿಮ್ಮಲ್ಲಂತೂ ಮೆಣಸಿನ ಪುಡಿ ಕೂತು ಕಟ್ಟಿಕೊಳ್ಳುವ ರೇಡಿಯೇಟರ್. ಬ್ಯಾಟರಿ ಗಾಡಿಯಲ್ಲಿ ಇವೆಲ್ಲ ಇಲ್ಲ. ಆದರೆ ಹೈಡ್ರಾಲಿಕ್, ಚೈನು, ಫೋರ್ಕು ಎರಡಕ್ಕೂ ಒಂದೇ. ಫೋರ್ಕಿನ ಹಿಮ್ಮಡಿ, ಅಂದರೆ ಅದು ಬಾಗುವ ಮೂಲೆ, ನೂರಕ್ಕೆ ಹತ್ತು ಭಾಗ ಸವೆದರೆ, ಚೈನು ನೂರಕ್ಕೆ ಮೂರು ಭಾಗ ಉದ್ದವಾದರೆ ಬದಲಾಯಿಸಲೇಬೇಕು. ನಿಮ್ಮ ಹಳೆಯ ಗಾಡಿಯದ್ದನ್ನೂ ಇವತ್ತೇ ಅಳತೆ ಮಾಡಿಸಿ.

ಹೊಸ ಗಾಡಿಯಲ್ಲಿ ನೀರಿನ ಬಗ್ಗೆ ಇನ್ನೊಂದು ಮಾತು. ನಮ್ಮಲ್ಲಿ ಆಯುಧ ಪೂಜೆಗೆ ಗಾಡಿಗೆಲ್ಲ ಪೈಪ್ ಹಿಡಿದು ನೀರು ಹೊಡೆದು ತೊಳೆದು ಕುಂಕುಮ ಹಚ್ಚುತ್ತೇವೆ. ಡೀಸೆಲ್ ಗಾಡಿ ತಡೆದುಕೊಳ್ಳುತ್ತದೆ. ಬ್ಯಾಟರಿ ಗಾಡಿಯ ಕಂಟ್ರೋಲರ್‌ಗೆ ಆ ನೀರು ಹೊಕ್ಕರೆ ವಿಜಯದಶಮಿ ದಿನ ಗಾಡಿ ಅಲ್ಲಾಡುವುದಿಲ್ಲ, ಆ ಬೋರ್ಡಿನ ಬೆಲೆ ಕೇಳಿದರೆ ಹಬ್ಬದ ಖುಷಿ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿ, ನೀರು ಮಾತ್ರ ಹೊಡೆಯಬೇಡಿ. ಮಳೆಯಲ್ಲಿ ಅಂಗಳದ ಕೆಲಸ ಇದ್ದರೂ ಇದೇ ಚಿಂತೆ. ಅದಕ್ಕೇ ಹಳೆಯ ಡೀಸೆಲ್ ಗಾಡಿ ಮಾರಬೇಡಿ ಅಂದೆ. ಇಂಜಿನ್ ಕೆಲಸಕ್ಕೆ ಎಷ್ಟಾಗುತ್ತದೆ ಕೇಳಿ, ಕೈಗೆಟುಕಿದರೆ ಮಾಡಿಸಿ ಅಂಗಳಕ್ಕೆ, ಹಬ್ಬದ ಸೀಸನ್‌ಗೆ ಇಟ್ಟುಕೊಳ್ಳಿ. ಗೋಡೌನ್ ಬಾಗಿಲಿನ ಮುಂದೆ ನೆಲಕ್ಕೆ ಅಡ್ಡಲಾಗಿ ಒಂದು ಹಳದಿ ಗೆರೆ ಎಳೆಸಿ. ಡೀಸೆಲ್ ಗಾಡಿ ಅದನ್ನು ದಾಟಬಾರದು, ಎಷ್ಟೇ ಅರ್ಜೆಂಟ್ ಇರಲಿ.

ನಿಮ್ಮ ಇಳಿಜಾರು ಎಷ್ಟು ಕಡಿದಾಗಿದೆ ಅಂತ ನೀವು ಬರೆದಿಲ್ಲ. ಹತ್ತು ಅಡಿ ಉದ್ದಕ್ಕೆ ಒಂದು ಅಡಿ ಏರಿದರೆ ಬ್ಯಾಟರಿ ಗಾಡಿಗೆ ಕಷ್ಟ ಇಲ್ಲ. ಒಂದೂವರೆ ಅಡಿ ಹತ್ತಿರ ಬಂದರೆ ಮಾರುವವರು ಪುಸ್ತಕದಲ್ಲಿ ಏನೇ ತೋರಿಸಲಿ, ನಿಮ್ಮದೇ ತುಂಬಿದ ಪ್ಯಾಲೆಟ್ ಹೊತ್ತು ನಿಮ್ಮದೇ ಇಳಿಜಾರನ್ನು ಇಪ್ಪತ್ತು ಸಲ ಹತ್ತಿಳಿದು ತೋರಿಸಲಿ. ಏರು ಜಾಸ್ತಿಯಿದ್ದಷ್ಟೂ ಚಾರ್ಜ್ ಬೇಗ ಮುಗಿಯುತ್ತದೆ, ಮೇಲೆ ನಾನು ಹಾಕಿದ 5 ಯೂನಿಟ್ ಲೆಕ್ಕವೂ ಏರುತ್ತದೆ. ಭಾರ ಇದ್ದಾಗ ಹತ್ತುವಾಗಲೂ ಇಳಿಯುವಾಗಲೂ ಫೋರ್ಕು ಏರಿನ ಕಡೆಗೇ ಇರಬೇಕು, ಅಂದರೆ ಇಳಿಯುವಾಗ ರಿವರ್ಸ್. ಇದು ಯಾವ ಗಾಡಿಯಾದರೂ ಸರಿ.

ಕೊನೆಗೆ ನಿಮ್ಮ ಆಪರೇಟರ್. 11 ವರ್ಷ ಇಂಜಿನ್ ಸದ್ದು ಕೇಳಿಯೇ ಗಾಡಿ ಓಡಿಸಿದವನಿಗೆ ಸದ್ದಿಲ್ಲದ ಗಾಡಿ ಹಿಡಿಸದಿರುವುದು ಸಹಜ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು ಗಾಡಿ ತಾನೇ ಬಿಗಿಹಿಡಿದು ನಿಲ್ಲಲು ಹೋಗುತ್ತದೆ, ಮೊದಲ ದಿನ ಎಲ್ಲರೂ ಜರ್ಕ್ ಹೊಡೆಸುತ್ತಾರೆ. ಹಮಾಲರಿಗೂ ಇದು ಹೊಸದು. ಡೀಸೆಲ್ ಗಾಡಿಯ ಸದ್ದು ಕೇಳಿ ತಾನಾಗಿ ಪಕ್ಕಕ್ಕೆ ಸರಿಯುವ ಅಭ್ಯಾಸ ಅವರಿಗಿದೆ, ಬ್ಯಾಟರಿ ಗಾಡಿ ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಹಾಗಾಗಿ ನೆಲದ ಮೇಲೆ ನೀಲಿ ಚುಕ್ಕೆ ಬೀಳಿಸುವ ಲೈಟು, ರಿವರ್ಸ್ ಬಜರು ಎರಡೂ ಗಾಡಿಯ ಜೊತೆಗೇ ಬರಬೇಕು, ಆಮೇಲೆ ಹಾಕಿಸೋಣ ಅಂತ ಬಿಡಬೇಡಿ. ಆಪರೇಟರ್‌ನನ್ನು ಡೆಮೊ ದಿನವೇ ಕರೆದುಕೊಂಡು ಹೋಗಿ, ಎರಡು ಮೂರು ಗಾಡಿ ಅವನ ಕೈಲೇ ಓಡಿಸಿ, ಯಾವುದರ ಸೀಟು ಸರಿ, ಯಾವುದರಲ್ಲಿ ಮಾಸ್ಟ್ ಮಧ್ಯೆ ಫೋರ್ಕಿನ ತುದಿ ಕಾಣುತ್ತದೆ ಅಂತ ಅವನನ್ನೇ ಕೇಳಿ. ಗಾಡಿ ಬಂದ ಮೇಲೆ ಎರಡು ದಿನ ಖಾಲಿ ಅಂಗಳದಲ್ಲಿ ಖಾಲಿ ಪ್ಯಾಲೆಟ್ ಇಟ್ಟು ಅಭ್ಯಾಸ ಮಾಡಲಿ. ಲೆಡ್ ಆಸಿಡ್ ತಗೊಂಡರೆ ಡಿಸ್ಟಿಲ್ಡ್ ವಾಟರ್ ಕ್ಯಾನು, ಹೈಡ್ರೋಮೀಟರು, ಒಂದು ನೋಟ್‌ಬುಕ್ಕು ಅವನ ಕೈಗೇ ಕೊಡಿ, ವಾರಕ್ಕೊಮ್ಮೆ 24 ಸೆಲ್ಲಿನ ಅಂಕಿ ಬರೆಯಲಿ. ಯಾವ ಸೆಲ್ ಹಿಂದೆ ಬೀಳುತ್ತಿದೆ ಅಂತ ಮೊದಲು ಅವನಿಗೇ ಗೊತ್ತಾಗುತ್ತದೆ, ವಾರಂಟಿ ಕೇಳುವಾಗ ಆ ನೋಟ್‌ಬುಕ್ ನಿಮಗೆ ಬೇಕಾಗುತ್ತದೆ. ಒಂದು ತಿಂಗಳ ಮೀಟರ್ ಅಂಕಿ, ಡೀಸೆಲ್ ಲೀಟರು, ಇಳಿಜಾರಿನ ಅಳತೆ ಮೂರೂ ಬರೆದು ಕಳಿಸಿ, ಕೊಟೇಶನ್ ಬಂದ ಮೇಲೆ ಕೂತು ಇನ್ನೊಮ್ಮೆ ನೋಡೋಣ.